ಬಿಸಿ ಕಪಾಟಿನ ಹೂಗಳು

ಆಲೋಶಿಯಸ್ ಪಿಂಟೊ ಅವರು ಯಾವ ವಸ್ತುವನ್ನೂ ಕೆಡಲು ಬಿಟ್ಟವರಲ್ಲ. ಐರ್ಲೆಂಡಿಗೆ ಬಂದು ಬ್ಯಾಲಿನ್‌ಕೊಲಿಗ್‌ನಲ್ಲಿ ಮನೆ ಮಾಡಿ ಎಷ್ಟೋ ವರ್ಷಗಳಾದರೂ, ಕಿನ್ನಿಗೋಳಿಯಲ್ಲಿ ತಾಯಿ ಕಲಿಸಿದ ಜೋಪಾನ ಅವರಲ್ಲಿ ಉಳಿದಿತ್ತು. ಮಳೆಗಾಲ ಬಂತೆಂದರೆ ಆಕೆ ಹುಣಸೆಹಣ್ಣು, ಹಪ್ಪಳ, ಬಿತ್ತನೆಯ ಬೀಜ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಬೆಚ್ಚಗಿಟ್ಟದ್ದು ಕೆಡುವುದಿಲ್ಲವೆಂದು ಆಲೋಶಿಯಸ್ ಅಂದಿನಿಂದಲೂ ನಂಬಿದ್ದರು.

ಮನೆಯಲ್ಲೇ ಬಿಯರ್ ತಯಾರಿಸುವುದನ್ನು ಅವರಿಗೆ ಕಲಿಸಿದವರು ಪಕ್ಕದ ಮನೆಯ ಫಿನ್‌ಬಾರ್ ಎಂಬ ಮುದುಕರು, ಹಳೆಯ ಬಡಗಿ. ಅವರ ಹಿತ್ತಿಲ ಗೋಡೆಯ ಮೇಲೆ ಹಾಪ್ಸ್ ಬಳ್ಳಿ ಹಬ್ಬಿತ್ತು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಸಿರು ಹೂ ಅದರದು. ಮೊಣಕಾಲು ಸೋತು, ಮನೆ ಮಾರಿ, ವೃದ್ಧರ ಆರೈಕೆಯ ಮನೆಗೆ ಹೊರಟಾಗ ಫಿನ್‌ಬಾರ್ ಕೊನೆಯ ಕೊಯ್ಲನ್ನು ಒಣಗಿಸಿ, ಕಾಗದದ ಚೀಲದಲ್ಲಿ ತುಂಬಿ ಇವರ ಕೈಗಿತ್ತರು. ಫೆಬ್ರವರಿಯಲ್ಲಿ ಬರುವ ತಮ್ಮ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಇದೇ ಹೂವಿನ ಒಂದು ಲೋಟ ಬಿಯರ್ ತಂದರೆ ಸಾಕು ಎಂದರು. ಮನೆ ಕೊಂಡವರು ಬಂದ ವಾರವೇ ಬಳ್ಳಿಯನ್ನು ಬೇರುಸಮೇತ ಕಿತ್ತರು.

“ಫ್ರೀಜರಿನಲ್ಲಿ ಜಾಗ ಮಾಡಿಕೊಡ್ತೇನೆ ಮಾರಾಯ್ರೆ,” ಎಂದರು ಹೆಂಡತಿ ಗ್ರೇಸಿ.

“ನಿನ್ನ ಬಂಗುಡೆಯ ಪಕ್ಕದಲ್ಲಾ? ಫಿನ್‌ಬಾರಿಗೆ ಮೀನುಸಾರು ಕುಡಿಸುವುದಾ ಮತ್ತೆ?”

ಆಲೋಶಿಯಸ್ ಚೀಲವನ್ನು ಹಾಟ್ ಪ್ರೆಸ್ಸಿನಲ್ಲಿಟ್ಟರು. ಬಿಸಿನೀರಿನ ಟ್ಯಾಂಕಿನ ಸುತ್ತ ಟವೆಲುಗಳನ್ನು ಬೆಚ್ಚಗಿಡುವ ಕಪಾಟು ಅದು. ತಾಯಿಯ ಅಟ್ಟದ ಹಾಗೆ ಅಲ್ಲಿ ಹನಿ ತೇವವೂ ಇರಲಿಲ್ಲ.

ಆ ಚಳಿಗಾಲದಲ್ಲಿ ಮನೆಯ ಟವೆಲುಗಳಿಗೆಲ್ಲ ಕಿತ್ತಳೆ ಸಿಪ್ಪೆ, ಹಸಿ ಹುಲ್ಲು ಬೆರೆತಂಥ ಪರಿಮಳ. ಗ್ರೇಸಿ ಅದನ್ನು ಬಹಳ ಮೆಚ್ಚಿಕೊಂಡಿದ್ದರು.

ಜನವರಿಯಲ್ಲಿ ಚೀಲ ಬಿಚ್ಚಿದಾಗ ಹೂಗಳು ಕಂದಿಹೋಗಿದ್ದವು. ಹಳಸಿದ ಚೀಸಿನ ನಾತ ಮುಖಕ್ಕೆ ರಾಚಿತು. ಗ್ರೇಸಿ ಅಂದೇ ಕಪಾಟಿನ ಬಟ್ಟೆಗಳನ್ನೆಲ್ಲ ಒಗೆಯಲು ಹಾಕಿದರು. ಆಲೋಶಿಯಸ್ ಅಂಗಡಿಯಿಂದ ಹಾಪ್ಸ್ ತಂದು ಬಿಯರ್ ಮಾಡಿದರು.

ಹುಟ್ಟುಹಬ್ಬದ ದಿನ ಆರೈಕೆಯ ಮನೆಗೆ ಹೋಗಿ, ಲೋಟಕ್ಕೆ ಸುರಿಯುವ ಮೊದಲೇ ಅವರು ನಿಜವನ್ನು ಹೇಳಿಬಿಟ್ಟರು. ಎಲ್ಲಿಟ್ಟಿದ್ದೆ ಎಂದು ಫಿನ್‌ಬಾರ್ ಕೇಳಿದರು. ಉತ್ತರ ಕೇಳಿ ಕೆಮ್ಮು ಬರುವಷ್ಟು ನಕ್ಕರು.

“ಟವೆಲುಗಳ ಜೊತೆಗಾ? ಹಾಗಾದರೆ ಸೋಪನ್ನು ಫ್ರಿಜ್ಜಿನಲ್ಲಿ ಇಡುತ್ತೀಯೇನು?”

ತಾವು ಯಾವಾಗಲೂ ಫ್ರೀಜರಿನಲ್ಲೇ ಇಡುತ್ತಿದ್ದುದಾಗಿಯೂ, ಅದನ್ನು ಬಾಯಿಬಿಟ್ಟು ಹೇಳಬೇಕೆಂದು ತೋಚಲೇ ಇಲ್ಲವೆಂದೂ ಹೇಳಿ, ತಪ್ಪನ್ನು ಅರ್ಧ ತಮ್ಮ ಮೇಲೆ ಎಳೆದುಕೊಂಡರು. ಶಾಖ ತಗುಲಿದರೆ ಹೂವಿನ ಪರಿಮಳವೆಲ್ಲ ಹಾರಿಹೋಗುತ್ತದೆ ಎಂದು ಅವರು ವಿವರಿಸುವಾಗ ಆಲೋಶಿಯಸ್‌ಗೆ ತಟ್ಟನೆ ಟವೆಲುಗಳ ಪರಿಮಳ ನೆನಪಾಯಿತು. ಅದನ್ನೂ ಮುಚ್ಚಿಡದೆ ಹೇಳಿದರು.

ಫಿನ್‌ಬಾರ್ ಕಿಟಕಿಯ ಕಡೆ ತಿರುಗಿದರು.

“ಒಂದು ಟವೆಲು ತಂದಿದ್ದರೂ ಸಾಕಿತ್ತಲ್ಲ,” ಎಂದರು.

ಅರ್ಧ ಲೋಟ ಕುಡಿದು, ಐರಿಶರು ಎಲ್ಲದಕ್ಕೂ ಹೇಳುವಂತೆ ಗ್ರ್ಯಾಂಡ್ ಆಗಿದೆ ಎಂದು ಹೇಳಿ, ಉಳಿದದ್ದನ್ನು ಕಿಟಕಿಯ ಬಳಿ ಇಟ್ಟರು.

ಮನೆಗೆ ಬಂದವರೇ ಆಲೋಶಿಯಸ್ ಕೋಟನ್ನೂ ಕಳಚದೆ ಹಾಟ್ ಪ್ರೆಸ್ಸಿನ ಬಾಗಿಲು ತೆರೆದರು. ಒಂದೊಂದೇ ಟವೆಲನ್ನು ತೆಗೆದು ಮೂಗಿಗೆ ಹಿಡಿದರು. ಗ್ರೇಸಿ ಹಿಂದೆ ಬಂದು ನಿಂತರು.

“ಎಲ್ಲ ಎರಡೆರಡು ಸಲ ಒಗೆದಿದ್ದೇನೆ ಮಾರಾಯ್ರೆ,” ಎಂದರು ಮೆಲ್ಲಗೆ.

ಆದರೂ ಅವರು ಕೆಳಗಿನ ಹಲಗೆಯ ಕೊನೆಯ ಟವೆಲಿನವರೆಗೂ ಮೂಸಿ ನೋಡಿದರು.