ನೆಲಮಾಳಿಗೆಯ ಮಾತಿನ ಕೊಳವೆ

ನಮ್ಮವ್ವ ಜೋರಾಗಿ ಮಾತಾಡಿದ್ದನ್ನು ಅಕ್ಕಪಕ್ಕದವರು ಯಾರೂ ಕೇಳಿಲ್ಲ. ನಾವಿರುವುದು ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಲ್ಲಿ ಬಸ್ಸಿನ ಹಾರನ್ನು, ಕಂಡಕ್ಟರುಗಳ ಕೂಗು, ಮೆಟ್ರೋ ಕೆಲಸದ ಧಡಧಡ ಎಲ್ಲ ಸೇರಿ ನಮ್ಮ ಮಾತು ನಮಗೇ ಕೇಳುವುದಿಲ್ಲ. ಅಂಥ ಕಡೆ ಅವ್ವ ಸೊಪ್ಪಿನ ಗಾಡಿಯವನ ಹತ್ತಿರವೂ ಪಿಸುಗುಟ್ಟುತ್ತಾಳೆ. ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು ಕೊತ್ತಂಬರಿಯೋ ಮೆಂತ್ಯವೋ ಎಂದು ಎರಡೆರಡು ಸಲ ಕೇಳುತ್ತಾನೆ. ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಟೀಚರಾಗಿ ಇಪ್ಪತ್ತೈದು ವರ್ಷ ಮಕ್ಕಳ ಮುಂದೆ ಕಿರುಚಿ ಕಿರುಚಿ ನನ್ನ ಗಂಟಲು ಒಡೆದ ಹಂಡೆಯಾಗಿದೆ, ನನ್ನನ್ನು ಹೆತ್ತವಳಿಗೆ ಮಾತ್ರ ಗಂಟಲೇ ಇಲ್ಲ.

ಇದು ಎಲ್ಲಿಂದ ಬಂದ ಅಭ್ಯಾಸ ಎಂದು ನನಗೆ ಗೊತ್ತಿತ್ತು. ನಾನು ಏಳು ವರ್ಷದವಳಾಗಿದ್ದಾಗ ನಾವು ನೆಲದ ಕೆಳಗೆ ಇದ್ದೆವು. ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಹೊಸತು. ಅಪ್ಪ ಗಾರೆ ಕೆಲಸದವರ ಗುಂಪಿನ ಜೊತೆ ಊರೂರು ಸುತ್ತುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಅವ್ವನಿಗೆ ಹಲಸೂರು ಕೆರೆಯ ಹತ್ತಿರದ ಒಂದು ಹಳೆಯ ಬಂಗಲೆಯಲ್ಲಿ ಪಾತ್ರೆ, ಕಸ, ಬಟ್ಟೆಯ ಕೆಲಸ ಸಿಕ್ಕಿತು. ಇರಲು ಬಂಗಲೆಯ ನೆಲಮಾಳಿಗೆಯನ್ನು ಕೊಟ್ಟರು. ಅಲ್ಲಿ ಅವ್ವ, ನಾನು, ನಾಲ್ಕು ವರ್ಷದ ನನ್ನ ತಂಗಿ. ಒಂದು ವರ್ಷವಾಗುವಷ್ಟರಲ್ಲಿ ತಂಗಿ ಅಲ್ಲಿಯೇ ತೀರಿಕೊಂಡಳು. ಹೇಗೆ ಎಂದು ಅವ್ವ ಹೇಳಿದ್ದು ಒಂದೇ ವಾಕ್ಯ. ಸುದ್ದಿ ತಿಳಿದು ಓಡಿ ಬಂದ ಅಪ್ಪನಿಗೂ ಅದನ್ನೇ ಹೇಳಿದಳು, ಆಮೇಲೆ ಕೇಳಿದವರಿಗೂ ಅದನ್ನೇ ಹೇಳಿದಳು: "ಕೂಗಿದೆ, ಮ್ಯಾಲಿನವ್ರಿಗೆ ಕೇಳಲಿಲ್ಲ."

ನಲವತ್ತೆರಡು ವರ್ಷ ನಾನು ಆ ವಾಕ್ಯವನ್ನು ನಂಬಿ ಬದುಕಿದೆ. ಆದರೂ ಅದರ ಹಿಂದೆ ಇನ್ನೇನೋ ಇದೆ ಎಂದು ಅನ್ನಿಸುತ್ತಲೇ ಇತ್ತು. ಕೇಳಿದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಈಗ ಅವಳಿಗೆ ಎಪ್ಪತ್ತು ದಾಟಿದೆ. ಅವಳು ಕಣ್ಣು ಮುಚ್ಚಿದರೆ ನನ್ನ ತಂಗಿಯ ಕೊನೆಯ ಮಧ್ಯಾಹ್ನದ ನಿಜವೂ ಅವಳ ಜೊತೆಗೇ ಹೋಗುತ್ತದೆ ಎಂಬ ಭಯ ನನ್ನನ್ನು ಹಿಡಿದಿತ್ತು.

ಹೋದ ಜನವರಿಯಲ್ಲಿ ನಮ್ಮ ಶಾಲೆಯ ಟೀಚರುಗಳ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕಂಟೋನ್ಮೆಂಟಿನ ನೆಲದಡಿಯ ಕೋಣೆಗಳನ್ನು ತೋರಿಸುವ ಭಾನುವಾರದ ನಡಿಗೆಯಂತೆ, ಆಸಕ್ತಿ ಇದ್ದವರು ಹೆಸರು ಕೊಡಬೇಕಂತೆ. ಫೋಟೋದಲ್ಲಿ ಕೆಳಗಿಳಿಯುವ ಕಲ್ಲಿನ ಮೆಟ್ಟಿಲು, ಕೊನೆಯಲ್ಲಿ ಗೋಡೆಗೆ ಕೂರಿಸಿದ ಹಿತ್ತಾಳೆಯ ಒಂದು ದುಂಡನೆಯ ಬಾಯಿ. ನೋಡಿದ ಕೂಡಲೇ ಗುರುತು ಸಿಕ್ಕಿತು, ಅದು ನಮ್ಮ ನೆಲಮಾಳಿಗೆ. ಆ ಬಾಯಿಯನ್ನು ನಾನು ದಿನವೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಅವ್ವನಿಗೆ ಫೋನು ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದಳು. ನೆಂಟರ ಮದುವೆಗೂ ಹೊರಡದವಳು ತಾನೂ ಬರುವುದಾಗಿ ಹೇಳಿದಳು.

ನಮಗೆ ದಾರಿ ತೋರಿಸಿದವರು ಫ್ರೇಜರ್ ಟೌನಿನ ಒಬ್ಬ ನಿವೃತ್ತ ಇತಿಹಾಸದ ಟೀಚರಮ್ಮ. ಮನೆಯಿಂದ ಫೋನು ಬಂದರೆ ದಖನಿ ಉರ್ದುವಿನಲ್ಲಿ ಗದರುತ್ತಿದ್ದರು, ನಮ್ಮ ಜೊತೆ ಅಚ್ಚುಕಟ್ಟಾದ ಬೆಂಗಳೂರು ಕನ್ನಡ. ನಾವು ಒಟ್ಟು ಹನ್ನೆರಡು ಜನ. ಮೊದಲು ಶಿವಾಜಿನಗರದ ಒಂದು ಹಳೆಯ ಅಂಗಡಿಯ ತಳದ ಉಗ್ರಾಣಕ್ಕೆ ಇಳಿಸಿದರು. ಹಿಂದೆ ಅಲ್ಲಿ ಸಿಪಾಯಿಗಳ ಕುದುರೆಯ ಜೀನು, ಬೂಟು ಇಡುತ್ತಿದ್ದರಂತೆ, ಈಗ ಸೂಟ್‌ಕೇಸು ಒಟ್ಟಿದ್ದರು. ಉಳಿದವರು ಬಾಗಿಬಾಗಿ ಫೋಟೋ ತೆಗೆದುಕೊಂಡರು. ಅವ್ವ ಒಂದು ಮೂಟೆಯ ಮೇಲೆ ಕೂತು, ಗಾಳಿ ಎಲ್ಲಿಂದ ಬರುತ್ತದೆ ಎಂದು ಮೇಲೆ ನೋಡುತ್ತಿದ್ದಳು. ಆ ಪ್ರಶ್ನೆ ಬೇರೆ ಯಾರಿಗೂ ಹೊಳೆಯಲಿಲ್ಲ.

ಹಲಸೂರಿನ ಬಂಗಲೆ ಈಗ ಹೋಟೆಲು. ಇಂದಿರಾನಗರದ ನೂರಡಿ ರಸ್ತೆಯ ಶೋಕಿ ಹೋಟೆಲುಗಳ ಗಾಳಿ ಇಲ್ಲಿಯವರೆಗೂ ಬೀಸಿದೆ. ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಈಗ ಕುಂಡದಲ್ಲಿ ಯಾವುದೋ ವಿದೇಶಿ ಗಿಡ, ಪಕ್ಕದಲ್ಲಿ ಕಾಫಿ ಕುಡಿಯುವ ಜೋಡಿಗಳು. ಬಂಗಲೆಯವರು ಮಾರಿ ಹೋಗಿ ಎಷ್ಟೋ ಕಾಲವಾಗಿದೆ. ನೆಲಮಾಳಿಗೆಗೆ ಇಳಿಯುವ ಹಿತ್ತಲ ಬಾಗಿಲು ಮಾತ್ರ ಅದೇ. ಅದರ ಹೊರಚಿಲಕವೂ ಅದೇ, ಬಣ್ಣ ಹೊಡೆದು ಅಲಂಕಾರಕ್ಕೆ ಉಳಿಸಿಕೊಂಡಿದ್ದಾರೆ. ಅವ್ವ ಅದನ್ನು ಮುಟ್ಟಿ ನೋಡಿ, ಬೆರಳು ಸೆರಗಿಗೆ ಒರೆಸಿಕೊಂಡು ಒಳಗೆ ಇಳಿದಳು. ಹದಿನಾಲ್ಕು ಮೆಟ್ಟಿಲು. ನಾನು ಎಣಿಸಬೇಕಾಗಿರಲಿಲ್ಲ.

ಕೆಳಗೆ ಹಳದಿ ದೀಪ ಹಾಕಿ, ಖಾಲಿ ಬಾಟಲಿಗಳನ್ನು ಸಾಲಾಗಿ ಮಲಗಿಸಿದ್ದರು. ಬ್ರಿಟಿಷ್ ಅಧಿಕಾರಿಯೊಬ್ಬರು ಮದ್ಯ ತಂಪಾಗಿರಲೆಂದು ಕಟ್ಟಿಸಿದ ಕೋಣೆ ಎಂದು ಟೀಚರಮ್ಮ ವಿವರಿಸಿದರು. ಆಮೇಲೆ ಬಹಳ ಕಾಲ ಬಳಕೆಯಲ್ಲಿರಲಿಲ್ಲ ಎಂದರು. ನನಗೆ ಮೂಗಿನ ತುದಿಗೆ ಕೋಪ ಬಂತು, ಆದರೆ ಅವರ ತಪ್ಪೇನಿದೆ. ನಾವು ಅಲ್ಲಿದ್ದೆವು ಎಂದು ಯಾವ ಕಾಗದದಲ್ಲೂ ಇಲ್ಲ. ಬಾಟಲಿಗಳ ಜಾಗದಲ್ಲಿ ನಮ್ಮ ಚಾಪೆ ಇತ್ತು. ಈ ಮೂಲೆಯಲ್ಲಿ ನೀರಿನ ಕೊಡ. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು, ಕೌದಿ ಒಣಗುತ್ತಲೇ ಇರಲಿಲ್ಲ. ತಂಗಿಗೆ ಅಲ್ಲಿಯೇ ಉಸಿರು ಕಟ್ಟುವ ಗೂರಲು ಶುರುವಾಗಿದ್ದು.

ಹಿತ್ತಾಳೆ ಬಾಯಿಯ ಮುಂದೆ ಟೀಚರಮ್ಮ ನಿಂತು, ಇದು ಮಾತಿನ ಕೊಳವೆ, ಗೋಡೆಯೊಳಗಿಂದ ಮೇಲಿನ ಊಟದ ಕೋಣೆಗೆ ಹೋಗುತ್ತದೆ ಎಂದರು. ಅದು ನಮಗೆ ಗೊತ್ತಿದ್ದದ್ದೇ. ಬಂಗಲೆಯಮ್ಮ ಮೇಲಿನಿಂದ ಅದರಲ್ಲಿ ಕರೆಯುತ್ತಿದ್ದರು, ಅವ್ವ ಮೆಟ್ಟಿಲು ಹತ್ತಿ ಓಡುತ್ತಿದ್ದಳು. ಕೆಳಗಿನವರು ಅದರಲ್ಲಿ ಮಾತಾಡುವ ಪದ್ಧತಿ ಇರಲಿಲ್ಲ. ಒಂದು ಸಲ ಅತಿಥಿಗಳು ಊಟಕ್ಕೆ ಕೂತಿದ್ದಾಗ ತಂಗಿ ಚಡ್ಡಿಯಿಲ್ಲದೆ ಮೇಲೆ ಹೋಗಿ ನಿಂತುಬಿಟ್ಟಿದ್ದಳು. ಅಂದಿನಿಂದ ಅತಿಥಿಗಳು ಬಂದ ದಿನ ಹಿತ್ತಲ ಬಾಗಿಲಿಗೆ ಹೊರಚಿಲಕ. ಊಟ ಮುಗಿದ ಮೇಲೆ ಯಾರಾದರೂ ಬಂದು ತೆಗೆಯುತ್ತಿದ್ದರು, ಅವ್ವ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ಅಲ್ಲಿಯವರೆಗೆ ಮೂವರೂ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಸದ್ದು ಮಾಡದಿದ್ದರೆ ಅವ್ವ ತಲಾ ಒಂದು ಚೂರು ಬೆಲ್ಲ ಕೊಡುತ್ತಿದ್ದಳು.

ಆ ಮಧ್ಯಾಹ್ನವೂ ಅತಿಥಿಗಳಿದ್ದರು. ತಂಗಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ಕೆಮ್ಮು ನಿಂತಾಗ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು, ತುಟಿ ನೇರಳೆ ಬಣ್ಣ. ಅವ್ವ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಆ ಬಾಗಿಲು ಹಿತ್ತಲಿಗೆ, ಜನರಿದ್ದದ್ದು ಮುಂದೆ. ಇಳಿದು ಬಂದು ಕೊಳವೆಗೆ ಬಾಯಿಟ್ಟು ಕೂಗಿದಳು. ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮಾರೇ, ಬಾಗಿಲು ತೆಗೀರಿ ಎಂದು ಎಷ್ಟು ಸಲ ಕೂಗಿದಳೋ. ಮೇಲಿನಿಂದ ಯಾರೂ ಉತ್ತರ ಕೊಡಲಿಲ್ಲ. ಬಾಗಿಲು ತೆರೆದಾಗ ತಂಗಿ ಅವ್ವನ ಮಡಿಲಲ್ಲಿ ಸುಮ್ಮನಾಗಿದ್ದಳು. ಅವಳ ಬೆಲ್ಲದ ಚೂರು ಚಾಪೆಯ ಮೇಲೆ ಹಾಗೆಯೇ ಇತ್ತು, ಅದಕ್ಕೆ ಇರುವೆ ಹತ್ತಿತ್ತು.

ಇದನ್ನೆಲ್ಲ ನೆನೆಯುತ್ತ ನಾನು ನಿಂತಿರುವಾಗ ಟೀಚರಮ್ಮ ಒಂದು ತಮಾಷೆ ತೋರಿಸುತ್ತೇನೆ ಎಂದು ಎಲ್ಲರನ್ನೂ ಮೇಲೆ ಹೊರಡಿಸಿದರು. ಅವ್ವನ ಮಂಡಿ ನೋಡಿ, "ಅಮ್ಮಾ, ನೀವು ಹತ್ತೋದು ಬೇಡ, ಇಲ್ಲೇ ಕೂತ್ಕೊಂಡಿರಿ. ನಾವು ಮೇಲಿಂದ ಕೇಳಿದಾಗ ಮೆಲ್ಲಗೆ ಏನಾದ್ರೂ ಹೇಳಿ ಸಾಕು," ಎಂದರು. ಅವ್ವ ಕಲ್ಲಿನ ಕಟ್ಟೆಯ ಮೇಲೆ ಕೊಳವೆಯ ಪಕ್ಕದಲ್ಲೇ ಕೂತಳು. ಅವಳನ್ನು ಒಬ್ಬಳನ್ನೇ ಅಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಹೋಗು ಎಂದು ಕೈ ಮಾಡಿದಳು.

ಊಟದ ಕೋಣೆಯಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು. ಗೋಡೆಯಲ್ಲಿ ಆಳೆತ್ತರಕ್ಕೆ ಅಂಥದೇ ಇನ್ನೊಂದು ಹಿತ್ತಾಳೆ ಬಾಯಿ. ಟೀಚರಮ್ಮ ಅದರಲ್ಲಿ ಅವ್ವನಿಗೆ ಮಾತಾಡಲು ಹೇಳಿ, ನಮಗೆಲ್ಲ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಕೊಳವೆಯಿಂದ ಅವ್ವನ ಉಸಿರು ಮಾತ್ರ ಬಂತು, ಒಳಗೆ ಹೋಗುವುದು, ಹೊರಗೆ ಬರುವುದು. ಆಮೇಲೆ ಬಳೆಯ ಸಣ್ಣ ಸದ್ದು. ದೂರದ ಮೇಜಿನವರೂ ತಿರುಗಿ ನೋಡಿದರು. ಯಾರೋ ನಕ್ಕು, "ಉಸಿರು ಕೂಡ ಕೇಳ್ತದಲ್ಲ ಗುರು," ಎಂದರು.

ಮುದುಕಿಯ ಉಸಿರೇ ಇಷ್ಟು ಕೇಳುವುದಾದರೆ ಮಗುವಿನ ಗೂರಲು ಕೇಳಿಸದೆ ಇರುತ್ತದೆಯೆ? ಅವ್ವನ ಕೂಗು ಕೇಳಿಸದೆ ಇರುತ್ತದೆಯೆ? ಅವರು ಕೇಳಿಸಿಕೊಂಡೇ ಉಂಡರು. ಕೇಳಿಸಿಕೊಂಡೇ ಪಾಯಸ ಬಡಿಸಿಕೊಂಡರು. ಅವರು ಎಲ್ಲಿದ್ದಾರೋ, ಬದುಕಿದ್ದಾರೋ ಇಲ್ಲವೋ, ಸಿಕ್ಕಿದ್ದರೆ ಅಲ್ಲಿಯೇ ಕೊರಳಪಟ್ಟಿ ಹಿಡಿಯುತ್ತಿದ್ದೆ. ಟೀಚರಮ್ಮ ಉಳಿದವರಿಗೆ ಮೇಲಿನ ಚಿತ್ರಪಟಗಳನ್ನು ತೋರಿಸಲು ಹೊರಟರು. ನಾನು ಹಿತ್ತಲಿಗೆ ಓಡಿ, ಮೆಟ್ಟಿಲು ಇಳಿದೆ.

ಅವ್ವ ಹಾಗೆಯೇ ಕೂತಿದ್ದಳು. ನನಗೆ ಉಬ್ಬಸ ಬಂದಿತ್ತು. "ಅವರಿಗೆ ಎಲ್ಲಾ ಕೇಳಿಸಿತ್ತವ್ವ," ಎಂದೆ. "ನೀನು ಕೂಗಿದ್ದು ಕೇಳಿಯೂ ಅವರು ಬರಲಿಲ್ಲ."

ಅವ್ವ ತಲೆಯಾಡಿಸಿದಳು. "ಇಲ್ಲವ್ವ. ಅವ್ರಿಗೆ ಕೇಳಿಲ್ಲ."

ಅಷ್ಟಾದರೂ ಅವರ ಪರವಾಗಿಯೇ ಮಾತಾಡುತ್ತಾಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಲವತ್ತೆರಡು ವರ್ಷ ಎದ್ದು ಒಳಗೆ ಹೋಗುತ್ತಿದ್ದವಳಿಗೆ ಇಲ್ಲಿ ಎದ್ದು ಹೋಗಲು ಇನ್ನೊಂದು ಕೋಣೆ ಇರಲಿಲ್ಲ.

"ಕೊಳವ್ಯಾಗ ಬಟ್ಟಿ ಇತ್ತು," ಎಂದಳು. "ಅಕಿ ಕೆಮ್ಮು ಮ್ಯಾಲ ಕೇಳಬಾರ್ದಂತ ನಾನೇ ತುರುಕಿದ್ದೆ. ಕೇಳಿದ್ರ ಮನಿ ಬಿಡಸ್ತಾರಂತ ಅಂಜಿಕಿ. ಆಮ್ಯಾಲ ಕೂಗುವಾಗ ಅದನ್ನ ತೆಗೀಬೇಕಂತ ನೆನಪಾಗ್ಲಿಲ್ಲ. ಬಟ್ಟಿಗೇ ಕೂಗಿದೆ."

ಮಣ್ಣು ಮಾಡಿ ಬಂದ ಮೇಲೆ, ಗಂಟುಮೂಟೆ ಕಟ್ಟುವಾಗ ಅವಳಿಗೆ ಅದು ನೆನಪಾಯಿತಂತೆ. ಕೊಳವೆಯಲ್ಲಿ ನೋಡಿದರೆ ಬಟ್ಟೆ ಒಳಗೇ ಇತ್ತಂತೆ. ಕೈಗೆ ಸಿಕ್ಕಲಿಲ್ಲ, ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದು ತೆಗೆದಳಂತೆ. ಇದನ್ನು ಅಪ್ಪನಿಗೂ ಹೇಳದೆ ನುಂಗಿಕೊಂಡಳಂತೆ. ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿ, ಸೆರಗಿನಿಂದ ಹಿತ್ತಾಳೆ ಬಾಯಿಯನ್ನು ಒರೆಸಿದಳು.

ಕೈಗೆ ಸಿಕ್ಕಲಿಲ್ಲ ಎಂಬ ಮಾತು ನನ್ನಲ್ಲಿ ಸಿಕ್ಕಿಕೊಂಡಿತು. ತಾನೇ ಕೈಯಿಂದ ತುರುಕಿದ್ದು ತನ್ನ ಕೈಗೇ ಸಿಗದೆ ಹೋಗುವುದು ಹೇಗೆ? ನಾನು ಎದ್ದು ಕೊಳವೆಯೊಳಗೆ ಕೈ ಹಾಕಿದೆ. ಹೊರಗೆ ಲೋಟದಷ್ಟು ಅಗಲ, ಒಳಗೆ ಹೋದಂತೆ ಕಿರಿದು. ಬೆರಳಿನ ಗೆಣ್ಣಿನ ಹತ್ತಿರವೇ ಕೈ ನಿಂತಿತು. ಅವ್ವನ ಕೈ ನನ್ನದಕ್ಕಿಂತ ದೊಡ್ಡದು, ಹರೆಯದಲ್ಲಿ ಕಲ್ಲು ಹೊತ್ತ ಕೈ. ಅಲ್ಲಿ ಒಳಗಿನ ತಿರುವಿನವರೆಗೆ ಹೋಗುವುದು ಮಗುವಿನ ಕೈ ಮಾತ್ರ.

ತಣ್ಣನೆಯ ಹಿತ್ತಾಳೆ ಬೆರಳಿಗೆ ತಾಗಿದಾಗ ನನಗೆ ನೆನಪು ಬಂತು. ಹಸಿರು ಬಟ್ಟೆ, ಅವ್ವನ ಹಳೆಯ ಕುಪ್ಪಸದ ತುಂಡು. ತಂಗಿ ಕೆಮ್ಮಿದರೆ ನಾನು ಓಡಿ ಹೋಗಿ ಈ ಕಟ್ಟೆಯ ಮೇಲೆ ಹತ್ತಿ, ಮಣಿಕಟ್ಟು ಮುಳುಗುವವರೆಗೆ ಅದನ್ನು ತುರುಕಬೇಕು. ಕೆಮ್ಮು ನಿಂತ ಮೇಲೆ ತೆಗೆಯಬೇಕು, ಇಲ್ಲವಾದರೆ ಬಂಗಲೆಯಮ್ಮನ ಕರೆ ಕೇಳಿಸುವುದಿಲ್ಲ. ಅದು ನನ್ನ ಕೆಲಸ. ನನ್ನ ಕೈ ಸಣ್ಣದು ಎಂದು ಅವ್ವ ಹೊಗಳುತ್ತಿದ್ದಳು, ನನಗೆ ಅದರ ಜಂಬವಿತ್ತು. ಆ ಮಧ್ಯಾಹ್ನ ಬಟ್ಟೆ ಹಾಕಿದವಳು ನಾನು. ಅವ್ವ ಕೂಗುವಾಗ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದವಳೂ ನಾನೇ. ನನ್ನ ಬೆಲ್ಲವನ್ನು ಚೀಪುತ್ತ, ಸದ್ದು ಮಾಡದೆ ಕೂತಿದ್ದೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಯಾಕೆ ಇಷ್ಟು ವರ್ಷ ಎದ್ದು ಒಳಗೆ ಹೋಗುತ್ತಿದ್ದಳು, ಯಾಕೆ ಈ ಕೋಣೆಗೆ ನನ್ನನ್ನು ಒಬ್ಬಳನ್ನೇ ಕಳಿಸಲಿಲ್ಲ ಎಂದು ಆಗ ಅರ್ಥವಾಯಿತು. ಅವಳು ಬಂದದ್ದು ಜಾಗ ನೋಡಲು ಅಲ್ಲ. ಇಲ್ಲಿಗೆ ಬಂದರೆ ನನಗೆ ನೆನಪಾದೀತು, ನೆನಪಾಗುವ ಮೊದಲೇ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳಬೇಕು ಎಂದು ಮಂಡಿನೋವು ಕಟ್ಟಿಕೊಂಡು ಹದಿನಾಲ್ಕು ಮೆಟ್ಟಿಲು ಇಳಿದಿದ್ದಳು. ಅವಳ ಕಾಲು ಹಿಡಿದು ಅತ್ತುಬಿಡಬೇಕು, ಹಾಕಿದ್ದು ನಾನಲ್ಲವೇನವ್ವ ಎಂದು ಕೇಳಿಬಿಡಬೇಕು ಎನ್ನಿಸಿತು.

"ನಿನಗೇನರ ನೆನಪದ ಏನು?" ಎಂದು ಅವಳು ಕೇಳಿದಳು.

ಮೇಲೆ ಯಾರೋ ಕುರ್ಚಿ ಎಳೆದ ಸದ್ದು ಕೊಳವೆಯಲ್ಲಿ ಕೇಳಿಸಿತು. ನಾನು ಕೈಯನ್ನು ಹೊರಗೆ ತೆಗೆದು ಸೀರೆಯ ಮರೆಗೆ ಇಟ್ಟುಕೊಂಡೆ.

"ಇಲ್ಲವ್ವ," ಎಂದೆ. "ನಂಗೇನೂ ನೆನಪಿಲ್ಲ."

ಅವ್ವ ದೊಡ್ಡ ಉಸಿರು ಬಿಟ್ಟು, ನನ್ನ ಹೆಗಲು ಹಿಡಿದು ಎದ್ದಳು.