ಹದಿನೆಂಟು ರೂಮಿನ ಓನರ್ ಯಾರು?

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಇಡೀ ಹೆಬ್ಬಗೋಡಿಯಲ್ಲಿ ಕಂಪ್ಯೂಟರ್ ಬಗ್ಗೆ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಪಕ್ಕದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದಿಷ್ಟು ಇಂಜಿನಿಯರುಗಳು ಇದ್ದರಂತೆ, ಅವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾಗಿ ಅಪ್ಪ ಬ್ಯಾಂಕಿನಿಂದ ಸಪ್ಪೆ ಮುಖ ಹೊತ್ತು ಬಂದ ದಿನ ನಾನೇ ಮುಂದೆ ನುಗ್ಗಿದೆ. ವಿಷಯ ಇಷ್ಟು. ಅಮ್ಮ ಮನೆಯ ಮುಂಭಾಗದಲ್ಲಿ ಮೆಸ್ ನಡೆಸುತ್ತಿದ್ದಳು. ಒಂದು ಫ್ಯಾಕ್ಟರಿಯವರು ಅಲ್ಲಿ ಊಟ ಮಾಡಿ, ಬೆರಳು ಚೀಪಿ, ತಮ್ಮ ಕೆಲಸಗಾರರಿಗೆಲ್ಲ ಮಧ್ಯಾಹ್ನದ ಊಟ ಇಲ್ಲಿಂದಲೇ ಬರಲಿ ಅಂದಿದ್ದರು. ಆದರೆ ಮುಂದಿನ ತಿಂಗಳೊಳಗೆ ಸರಿಯಾದ ಗಾಡಿ ಇರಬೇಕು, ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ. ಅಲ್ಲಿಯತನಕ ಸಣ್ಣಪುಟ್ಟ ಆರ್ಡರುಗಳಿಗೆ ಅಪ್ಪ ಸಾಂಬಾರಿನ ಕ್ಯಾನನ್ನು ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು ಹೋಗುತ್ತಿದ್ದ. ಹೊಸೂರು ರಸ್ತೆಯ ಒಂದೊಂದು ಉಬ್ಬಿಗೂ ಒಂದೊಂದು ಸೌಟು ಸಾಂಬಾರು ಕಾಣಿಕೆ. ಗೂಡ್ಸ್ ಆಟೋಗೆ ಸಾಲ ಕೇಳಿದರೆ ಬ್ಯಾಂಕಿನವರು ವರಮಾನ ತೆರಿಗೆಯ ರಿಟರ್ನ್ಸ್ ತನ್ನಿ ಅಂದಿದ್ದರು.

"ಆಡಿಟರ್ ಹತ್ರ ಹೋಗ್ಬೇಕಂತೆ ಕಣ್ಲಾ" ಎಂದ ಅಪ್ಪ.

"ಆಡಿಟರ್ ಯಾಕಪ್ಪ? ಸಾಫ್ಟ್‌ವೇರ್ ಐತೆ. ಅರ್ಧ ಗಂಟೆ ಕೆಲ್ಸ."

ಆ ಅರ್ಧ ಗಂಟೆ ನಾಲ್ಕು ದಿನ ನಡೆಯಿತು.

ಮೊದಲನೆಯ ಸಾಫ್ಟ್‌ವೇರನ್ನು ನಾನು ಅಂದ ನೋಡಿ ಆರಿಸಿದೆ. ಮನೆ ಬಾಡಿಗೆಗೆ ಕೊಟ್ಟವರಿಗೆ, ಸ್ವಂತ ಉದ್ಯೋಗದವರಿಗೆ ಅಂತಲೇ ಬರೆದಿತ್ತು. ಅದರ ಚಿತ್ರದಲ್ಲಿ ಟೈ ಕಟ್ಟಿದ ಓನರೊಬ್ಬ ಲ್ಯಾಪ್‌ಟಾಪ್ ನೋಡಿ ಹಲ್ಲು ಬಿಡುತ್ತಿದ್ದ. ನಮ್ಮ ಕಡೆ ಲುಂಗಿ ಉಡದ ಓನರನ್ನು ನಾನು ಕಂಡಿರಲಿಲ್ಲ, ಆದರೂ ಇಡೀ ದಿನ ಕೂತು, ಮನೆಯ ಹಿಂದೆ ನಾವು ಬಾಡಿಗೆಗೆ ಕೊಟ್ಟಿದ್ದ ಹದಿನೆಂಟು ರೂಮಿನ ಲೆಕ್ಕ ತುಂಬಿಸಿದೆ. ಕೊನೆಗೆ ನೋಡಿದರೆ ಮೊತ್ತ ಪೌಂಡಿನಲ್ಲಿತ್ತು. ಅದು ಇಂಗ್ಲೆಂಡಿನವರ ಸಾಫ್ಟ್‌ವೇರ್. ಆ ಲೆಕ್ಕದಲ್ಲಿ ಅಪ್ಪನಿಗೆ ಆಟೋ ಬೇಡ, ವಿಮಾನವೇ ಬರುತ್ತಿತ್ತು.

ಎರಡನೆಯದು ಅಂಗಡಿಯಿಂದ ತಂದ ಸಿ.ಡಿ. ಅದು ನಮ್ಮ ದೇಶದ್ದೇ, ಆದರೆ ಆಡಿಟರುಗಳಿಗಾಗಿ ಮಾಡಿದ್ದು. ತೆರೆದ ಕೂಡಲೇ "ನಿಮ್ಮ ಗ್ರಾಹಕರೆಷ್ಟು?" ಎಂದಿತು. ಮೆಸ್ಸಿನ ಗ್ರಾಹಕರನ್ನು ಎಣಿಸಲು ನಾನು ಎದ್ದು ಹೊರಗೆ ಹೋಗಿದ್ದೂ ಉಂಟು. ಮೂರನೆಯದು ಒಂದು ವೆಬ್‌ಸೈಟು. ಅದು ಒಂದೊಂದೇ ಪ್ರಶ್ನೆ ಕೇಳುತ್ತಿತ್ತು, ಚೆನ್ನಾಗಿತ್ತು. ಮೂರನೇ ಪ್ರಶ್ನೆಗೇ ನಿಂತುಬಿಟ್ಟೆವು: ದಾಖಲೆಯ ಪ್ರಕಾರ ಆಸ್ತಿಯ ಮಾಲೀಕರ ಹೆಸರು?

"ಇದೇನ್ಲಾ ಪ್ರಶ್ನೆ? ನಂದೇ ಹಾಕು" ಅಂದ ಅಪ್ಪ.

ಅಪ್ಪ ಪೀಣ್ಯದ ಫ್ಯಾಕ್ಟರಿ ಕೆಲಸ ಬಿಟ್ಟ ದಿನದಿಂದ ಊರಿಗೆಲ್ಲ 'ಓನರ್'. ಟೀ ಅಂಗಡಿಯಲ್ಲಿ ಓನರ್, ಕ್ಷೌರದಂಗಡಿಯಲ್ಲಿ ಓನರ್. ಆದರೆ 'ದಾಖಲೆ' ಎಂಬ ಪದ ನನಗೆ ಚುಚ್ಚಿತು. ಬೀರುವಿನಿಂದ ಖಾತಾ ಕಾಗದ ತೆಗೆದೆ. ಅದರಲ್ಲಿ ಅಜ್ಜಿಯ ಹೆಸರಿತ್ತು.

ಅಪ್ಪ ಕಾಗದವನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. ತಾತ ತೀರಿಕೊಂಡ ಮೇಲೆ ಖಾತೆ ಅಜ್ಜಿಗೆ ಬಂದಿತ್ತು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗಿರಲಿಲ್ಲ. ಹೋಗಿದೆ ಅಂತ ಅಪ್ಪ ತನ್ನಷ್ಟಕ್ಕೆ ತಾನೇ ಅಂದುಕೊಂಡಿದ್ದ.

ಅಷ್ಟು ಹೊತ್ತಿಗೆ ನಾಲ್ಕನೇ ನಂಬರ್ ರೂಮಿನ ರಾಯಚೂರಿನ ಅಣ್ಣ ಬಾಡಿಗೆ ಹಿಡಿದು ಬಂದ. ಅಪ್ಪ ಕೈ ಚಾಚಿದ. ಆತ ನಕ್ಕು, ಅಪ್ಪನನ್ನು ದಾಟಿ ಜಗಲಿಯ ಮೇಲಿದ್ದ ಅಜ್ಜಿಯ ಕೈಗೆ ಕೊಟ್ಟ. "ಅಮ್ಮಾರ ಕೈಗೇ ಕೊಡ್ತೀನ್ರೀ, ಮೊದಲಿಂದ್ಲೂ ಹಂಗ ರೂಢಿ ಐತಿ." ಅಜ್ಜಿ ನೋಟುಗಳನ್ನು ಸೊಂಟದ ಎಲೆಅಡಿಕೆ ಚೀಲಕ್ಕೆ ತುರುಕಿದಳು. ಹದಿನೆಂಟು ರೂಮಿನವರಿಗೂ ಗೊತ್ತಿದ್ದ ಸಂಗತಿ ಓನರಿಗೆ ಮಾತ್ರ ಗೊತ್ತಿರಲಿಲ್ಲ.

"ಅವ್ವಾ, ಖಾತೆ ನನ್ನ ಹೆಸ್ರಿಗೆ ಮಾಡ್ಕೊಡವ್ವ. ಬ್ಯಾಂಕ್ನೋರು ಕೇಳ್ತಾವ್ರೆ."

"ನಾನಿರಾಗಂಟ ನನ್ನೆಸ್ರಲ್ಲೇ ಇರ್ಲಿ ಬುಡು. ನಿಂಗೇನು, ಓನರ್ರು ಅಂತ ಕರಿಯಾದು ನಿಲ್ಸವ್ರಾ?"

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತ. ಬಾಡಿಗೆಯೆಲ್ಲ ಅಜ್ಜಿಯ ವರಮಾನ ಎಂದರೆ ಅಪ್ಪನ ವರಮಾನ ಎಷ್ಟು? ನಾನು ವೆಬ್‌ಸೈಟಿನಲ್ಲಿ ಹಿಂದಕ್ಕೆ ಹೋದೆ, ಮುಂದಕ್ಕೆ ಹೋದೆ. ಯಾವ ಪುಟದಲ್ಲೂ ಅಪ್ಪನಿಗೆ ಜಾಗ ಸಿಗಲಿಲ್ಲ. ವರಮಾನವೇ ಇಲ್ಲದವನಿಗೆ ಸಾಲ ಯಾರು ಕೊಡುತ್ತಾರೆ? ಆಟೋ ಇಲ್ಲ, ಆರ್ಡರೂ ಇಲ್ಲ.

ಅಮ್ಮ ಮುದ್ದೆ ತಿರುವುತ್ತಲೇ ಒಳಗಿನಿಂದ ಕೂಗಿದಳು. "ಅದ್ರಲ್ಲಿ ಮೆಸ್ಸಿಗೆ ಜಾಗ ಐತೇನೋ ನೋಡು."

ಇತ್ತು. ಸ್ವಂತ ವ್ಯಾಪಾರ, ಸಣ್ಣ ಪ್ರಮಾಣ. ಲೆಕ್ಕ ಎಲ್ಲಿ ಅಂದರೆ ಅಮ್ಮ ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಎಳೆದಳು. ಒಂದೊಂದು ತಾರೀಖಿನ ಚೌಕದಲ್ಲೂ ಆ ದಿನದ ಊಟದ ಲೆಕ್ಕ, ದಿನಸಿಯ ಖರ್ಚು. ಏಕಾದಶಿ, ಸಂಕಷ್ಟಿಗಳ ಮೇಲೆಲ್ಲ ಅರಿಸಿನದ ಬೆರಳಚ್ಚು. ಒಂದು ದಿನವೂ ತಪ್ಪಿರಲಿಲ್ಲ. ಬ್ಯಾಂಕ್ ಖಾತೆಗೆ ಅಂತ ಮಾಡಿಸಿದ್ದ ಅಮ್ಮನ ಪ್ಯಾನ್ ಕಾರ್ಡೂ ರಾಗಿ ಡಬ್ಬದಿಂದ ಹೊರಬಂತು.

ನಾನು ಒಂದೊಂದೇ ಓದುತ್ತಾ ತುಂಬಿಸಿದೆ.

"ಕೆಲಸಗಾರರಿಗೆ ಕೊಟ್ಟ ಸಂಬಳ ಎಷ್ಟಮ್ಮ?"

"ಕೆಲ್ಸದೋರು ಯಾರವ್ರೆ? ನಿಮ್ಮಪ್ಪ ಒಬ್ರೇ. ಸೊನ್ನೆ ಹಾಕು."

"ಮೂರು ವರ್ಷ ಕ್ಯಾನ್ ಹೊತ್ತಿದೀನಿ ಕಣೇ!" ಎಂದು ಅಪ್ಪ ಮೂಲೆಯಿಂದ ಸಿಡಿದ.

"ಅರ್ಧ ಸಾಂಬಾರು ಪ್ಯಾಂಟಿಗೆ ಸುರ್ಕೊಂಡ್ರಲ್ಲ, ಅದು ಯಾವ ಲೆಕ್ಕದಲ್ಲಿ ಬರುತ್ತೆ ಕೇಳು."

ರಿಟರ್ನ್ಸ್ ಹೋಯಿತು. ಆಮೇಲೆ ಒಂದು ಹಾಳೆ ಪ್ರಿಂಟ್ ತೆಗೆದು, ಸಹಿ ಹಾಕಿ, ತೆರಿಗೆ ಇಲಾಖೆಗೆ ಅಂಚೆಯಲ್ಲಿ ಕಳಿಸಬೇಕಿತ್ತು. ವಿಳಾಸ ನೋಡಿದರೆ ಎಲೆಕ್ಟ್ರಾನಿಕ್ ಸಿಟಿ! ದೇಶದ ಮೂಲೆಮೂಲೆಯವರೂ ನಮ್ಮ ಪಕ್ಕದ ಊರಿಗೇ ಕಳಿಸಬೇಕಂತೆ. "ಕೂಗಿದ್ರೆ ಕೇಳ್ಸುತ್ತೆ, ಕೈಲೇ ಕೊಟ್ ಬತ್ತೀನಿ" ಎಂದು ಅಪ್ಪ ಸ್ಕೂಟರ್ ಹತ್ತಿ ಹೋದ. ಗೇಟಿನಲ್ಲಿ ಸೆಕ್ಯುರಿಟಿಯವನು ಅಂಚೆಯಲ್ಲೇ ಬರಬೇಕು ಎಂದು ವಾಪಸ್ ಕಳಿಸಿದನಂತೆ. ಅಲ್ಲಿಂದಲೇ ಅಂಚೆ ಕಚೇರಿಗೆ ಹೋಗಿ, ಕಣ್ಣಿಗೆ ಕಾಣುವ ಕಟ್ಟಡಕ್ಕೆ ಸ್ಪೀಡ್ ಪೋಸ್ಟ್ ಮಾಡಿ ಬಂದ.

ಬ್ಯಾಂಕಿಗೆ ಮೂವರೂ ಹೋದೆವು. ನಾನು ತಾಂತ್ರಿಕ ಸಲಹೆಗಾರ. ಆಫೀಸರು ರಿಟರ್ನ್ಸ್ ತಿರುವಿ ನೋಡಿ ಅರ್ಜಿಯನ್ನು ಮುಂದೆ ತಳ್ಳಿದರು. ಅಪ್ಪ ಜೇಬಿನಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿದ.

"ನೀವಲ್ಲ ಸಾರ್, ಮೇಡಂ ಸೈನ್ ಮಾಡ್ಬೇಕು. ಸಾಲ ಅವ್ರ ಹೆಸ್ರಲ್ಲಿ, ಗಾಡೀನೂ ಅವ್ರ ಹೆಸ್ರಲ್ಲೇ."

ಅಪ್ಪ ಬಿಚ್ಚಿದ ಪೆನ್ನನ್ನು ಹಾಗೇ ಅಮ್ಮನಿಗೆ ಕೊಟ್ಟ. ಅಮ್ಮ ಏಳು ಕಡೆ, ಒಂದೊಂದು ಅಕ್ಷರವನ್ನೂ ರಂಗೋಲಿಯ ಹಾಗೆ ಎಳೆದು ಸಹಿ ಹಾಕಿದಳು. ಅಪ್ಪ ಪ್ರತಿ ಹಾಳೆಯನ್ನೂ ತಾನೇ ತಿರುವಿ ಕೊಟ್ಟ.

ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದ. "ಗಾಡಿ ಓಡ್ಸೋದು ನಾನೇ ತಾನೇ?"

"ನೋಡಾಣ" ಅಂದಳು ಅಮ್ಮ. "ಲೈಸೆನ್ಸ್ ತೋರ್ಸಿ ಮೊದ್ಲು."