ಕಮಲಾಕ್ಷಮ್ಮನಿಗೆ ಬೇಕಾಗಿದ್ದ ಬೈಗುಳ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಮ್ಮ ಅಜ್ಜಿ ಕಮಲಾಕ್ಷಮ್ಮನನ್ನು ಯಾರೂ ಬೈಯುತ್ತಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ಬೀದಿಯ ಅರ್ಧ ಮಕ್ಕಳು ಭೂಮಿಗೆ ಬಂದದ್ದೇ ಅವಳ ಕೈಮೇಲೆ. ಹಾಗಾಗಿ ಕ್ಯೂ ಮುರಿದು ಸೀಮೆಎಣ್ಣೆ ತಂದರೂ, ಪಕ್ಕದ ಮನೆಯ ಮಲ್ಲಿಗೆ ಬಳ್ಳಿಯನ್ನು ಬೋಳಿಸಿದರೂ ಜನ ನಕ್ಕು ಸುಮ್ಮನಾಗುತ್ತಿದ್ದರು. ಅವಳೂ ಅದನ್ನು ತನ್ನ ಹಕ್ಕು ಎಂದೇ ತಿಳಿದಿದ್ದಳು. ಎಂಬತ್ತನಾಲ್ಕನೇ ಇಸವಿಯ ಗಣೇಶನ ಹಬ್ಬದ ಸಂಜೆ ಮಾತ್ರ ಅದೇ ಅವಳಿಗೆ ಮುಳುವಾಯಿತು.

ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಅಜ್ಜಿಯ ಅಪ್ಪಣೆಯಂತೆ ಕತ್ತಲಾಗುವ ಮೊದಲೇ ಕಿಟಕಿಗಳು ಮುಚ್ಚುತ್ತಿದ್ದವು. ಅಂಗಳಕ್ಕೆ ಹೋಗಲೇಬೇಕಾದವರು ನೆಲ ನೋಡಿಕೊಂಡು ನಡೆಯಬೇಕು. ಆ ಸಂಜೆ ಪುಟ್ಟ ಮಣ್ಣಿನ ಗಣಪನನ್ನು ಬಿಡಲು ಅಂಗಳದಲ್ಲಿ ಬಕೆಟ್ ಇಟ್ಟು ಅಜ್ಜಿ ಬಗ್ಗಿದಳು. ಕತ್ತು ಎತ್ತಲಿಲ್ಲ, ನಿಜ. ಆದರೆ ಚಂದ್ರ ಬಕೆಟ್ಟಿನ ನೀರಿನಲ್ಲೇ ಕೂತಿದ್ದ.

ಅಜ್ಜಿ ಕುಸಿದು ಕೂತಳು. ಹೊಸ ಸೊಸೆಯಾಗಿದ್ದಾಗ ಒಮ್ಮೆ ಹೀಗೇ ನೋಡಿದ್ದಳಂತೆ. ಬೆಕ್ಕು ತಿಂದ ಬೆಣ್ಣೆಗೆ ಅವಳ ಮೇಲೆ ಗೂಬೆ ಕೂರಿಸಿದ ಅತ್ತೆ, ಸಾಯುವವರೆಗೂ ಬೆಣ್ಣೆಕಳ್ಳಿ ಎಂದೇ ಕರೆದರಂತೆ. ಇನ್ನೊಂದು ಅಪವಾದ ಹೊರುವ ಶಕ್ತಿ ಈ ವಯಸ್ಸಿನಲ್ಲಿ ತನಗಿಲ್ಲ ಎಂದಳು. ಅಪ್ಪ ಶಮಂತಕ ಮಣಿಯ ಕಥೆ ಓದುತ್ತೇನೆಂದರೆ ಒಪ್ಪಲಿಲ್ಲ. ಅವಳ ತವರಿನಲ್ಲಿ ಅವಳ ಅಜ್ಜಿಯ ಕಾಲದಿಂದಲೂ ಒಂದೇ ಪರಿಹಾರ: ಯಾರದಾದರೂ ಮನೆಗೆ ಕಲ್ಲೆಸೆದು ಬೈಸಿಕೊಳ್ಳುವುದು. ಕೇಳಿ ಬೈಸಿಕೊಂಡರೆ ಲೆಕ್ಕಕ್ಕಿಲ್ಲ, ಬೈಗುಳ ಹೊಟ್ಟೆಯಿಂದ ಬರಬೇಕು.

"ಬಾರೇ ಪುಟ್ಟಿ, ನೀನೂ ಕಲ್ತ್ಕೋ. ನಾಳೆ ನಿನ್ನ ಮೊಮ್ಮಕ್ಕಳಿಗೆ ಯಾರು ಹೇಳ್ಕೊಡ್ತಾರೆ?" ಎಂದು ನನ್ನ ಕೈ ಹಿಡಿದು ಹೊರಟಳು. ನಾನಾಗ ಎಸ್ಸೆಸ್ಸೆಲ್ಸಿ. ಕ್ಲಾಸಿನವರು ಯಾರಾದರೂ ನೋಡಿದರೆ ಏನು ಗತಿ ಎಂದು ಜೀವ ಹೋಗುತ್ತಿತ್ತು. ಈ ಘನ ಪರಂಪರೆ ಇಲ್ಲಿಗೇ ಮುಗಿಯಲಪ್ಪ ಎಂದು ಗಣಪನಿಗೇ ಹರಕೆ ಹೊತ್ತೆ.

ಮೊದಲ ಮನೆ ಗುರುಸಿದ್ದಯ್ಯನವರದು. ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ. ಹೆಂಚಿನ ಮೇಲೆ ಕಲ್ಲು ಬಿದ್ದದ್ದೇ ದೊಣ್ಣೆ ಹಿಡಿದು ಬಂದರು. ಅಜ್ಜಿಯನ್ನು ಕಂಡದ್ದೇ ದೊಣ್ಣೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ನಮ್ಮ ಮನೆಯ ಮಾಲೀಕ ವೆಂಕಟರಮಣಪ್ಪನವರಂತೂ ಒಂದು ಕೊಡ ನೀರು ಹೆಚ್ಚು ಹಿಡಿದರೂ ಬಾಡಿಗೆಯವರ ಜನ್ಮ ಜಾಲಾಡುವವರು. ಅಜ್ಜಿ ಅವರ ಬಾಗಿಲಿಗೇ ಕಲ್ಲು ಹೊಡೆದಳು. ಅವರು ತಮ್ಮ ಅವಳಿ ಮಕ್ಕಳನ್ನು ಕರೆದು ಅವಳ ಕಾಲಿಗೆ ಬೀಳಿಸಿ, ಚಕ್ಕುಲಿ ಕೊಟ್ಟು ಕಳಿಸಿದರು. ಚಕ್ಕುಲಿ ಹಿಡಿದುಕೊಂಡು ಅಜ್ಜಿ ಅಳುವ ಹಾಗಾದಳು. ನನಗೂ ಪಾಪ ಅನಿಸಿತು. ಇಷ್ಟು ದೊಡ್ಡ ಬೀದಿಯಲ್ಲಿ ಒಂದು ಬೈಗುಳ ಹುಟ್ಟುವುದಿಲ್ಲವೆಂದರೆ ಏನರ್ಥ?

ಕೊನೆಯ ಕಲ್ಲನ್ನು ನಮ್ಮ ಅಂಗಳಕ್ಕೆ ಮರಳಿ ಹಿಂದಿನ ಮನೆಯತ್ತ ಎಸೆದಳು. ತಲೆ ಎತ್ತುವಂತಿಲ್ಲವಲ್ಲ, ಗುರಿ ತಪ್ಪಿತು. ಕಲ್ಲು ನಮ್ಮದೇ ಅಡುಗೆಮನೆಯ ಬೆಳಕಿಂಡಿಯ ಗಾಜು ಒಡೆದು ಪಾಯಸದ ಪಾತ್ರೆಗೆ ಬಿತ್ತು.

ಅಮ್ಮ ಸೌಟು ಹಿಡಿದೇ ಹೊರಬಂದಳು. ನಮ್ಮಮ್ಮ ಅಂಬುಜಾ ಅತ್ತೆಗೆ ಎದುರಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಅತ್ತೆ, ನಿಮ್ಗೆ ತಲೆ ನೆಟ್ಟಗಿದ್ಯಾ? ಬೆಳಗ್ಗೆಯಿಂದ ಒಲೆ ಮುಂದೆ ಬೇಯ್ತಾ ಇದೀನಿ ನಾನು."

ಅಜ್ಜಿಯ ಮುಖ ಅರಳಿತು. ಕೈಮುಗಿದು, ಇನ್ನೂ ಸ್ವಲ್ಪ ಬೈಯೇ ಎಂದಳು. ಕೇಳಿ ಬೈಸಿಕೊಳ್ಳಬಾರದೆಂಬ ನಿಯಮ ಅವಳಿಗೇ ಮರೆತುಹೋಗಿತ್ತು.

ಅಮ್ಮನಿಗೆ ಅದನ್ನೆಲ್ಲ ಕೇಳುವ ಪುರುಸೊತ್ತೆಲ್ಲಿ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಜ್ಜಿ ಸಾರು ನೀರು ಎಂದದ್ದು, ಬಂದವರ ಮುಂದೆಲ್ಲ ಇವಳ ಕೈಗೆ ರುಚಿಯಿಲ್ಲ ಎಂದದ್ದು, ಅಮ್ಮನ ತವರಿನ ಸೀರೆಯನ್ನು ಹರಿದು ನೆಲ ಒರೆಸಿದ್ದು, ಎಲ್ಲವೂ ಒಂದೊಂದಾಗಿ ಹೊರಬಂತು.

"ಪ್ರತಿ ಹಬ್ಬಕ್ಕೂ ಕಡುಬು ಗಟ್ಟಿ ಅಂತೀರಿ. ಒಂದ್ಸಲ ಆದ್ರೂ ನನ್ನ ಜೊತೆ ಕೂತು ತಿಂದಿದೀರಾ? ನೀವೆಲ್ಲ ಎದ್ದ ಮೇಲೆ ತಣ್ಣಗಾಗಿರೋದನ್ನ ನಾನೊಬ್ಳೇ ತಿಂತೀನಿ."

ಅಜ್ಜಿಯ ನಗು ನಿಂತಿತು. ಸುಳ್ಳು ಅಪವಾದಕ್ಕೆ ಹೆದರಿ ಬೀದಿಯೆಲ್ಲ ಸುತ್ತಿ ಬಂದವಳಿಗೆ ಇದರಲ್ಲಿ ಒಂದೂ ಸುಳ್ಳು ಸಿಗಲಿಲ್ಲ. ಮುಗಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಒಳಗೆ ಹೋಗಿ ಅಮ್ಮನನ್ನು ಎಲೆಯ ಮುಂದೆ ಕೂರಿಸಿ ತಾನೇ ಬಡಿಸಿದಳು. ಅಪ್ಪನೂ ನಾನೂ ಹಸಿದುಕೊಂಡು ಬಾಗಿಲಲ್ಲಿ ನಿಂತಿದ್ದೆವು. ಬಿಸಿ ಕಡುಬಿನ ಮೇಲೆ ತುಪ್ಪ ಸುರಿದು ಅಜ್ಜಿ ಪಕ್ಕದಲ್ಲೇ ಕೂತಳು. ಅಮ್ಮ ಕಣ್ಣೊರೆಸಿಕೊಂಡು ಒಂದು ತುಂಡು ಕಚ್ಚಿದಳು. ಅಗಿದಳು. ಬಹಳ ಹೊತ್ತು ಅಗಿದಳು.

"ಗಟ್ಟಿ ಇದೆ ಅತ್ತೆ," ಎಂದಳು ಸಣ್ಣ ದನಿಯಲ್ಲಿ.

ಅಜ್ಜಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅವಳ ಕಟ್ಟಿಸಿದ ಹಲ್ಲು ಕಟಕ್ ಎಂದದ್ದು ನಮಗೆಲ್ಲ ಕೇಳಿಸಿತು.

"ಇಲ್ಲ ಕಣೇ, ಮೆತ್ತಗೇ ಇದೆ," ಎಂದು ಸೊಸೆಗಾಗಿ ಮೊದಲ ಸಲ ಸುಳ್ಳು ಹೇಳಿದಳು.